ಎಡಬದಿ ಪೆಟ್ಟಿಗೆ ಸುಮ್ಮನಾದಾಗ: ಕರಾವಳಿ ಮನೆಯ ಸ್ಟೀರಿಯೋದಲ್ಲಿ ದೋಷ ಹುಡುಕುವ ಕ್ರಮ

ಆಷಾಢದ ಒಂದು ಸಂಜೆ ಕಾರವಾರದ ನಮ್ಮ ಮನೆಯಲ್ಲಿ ತಾಳಮದ್ದಳೆಯ ಧ್ವನಿಮುದ್ರಣ ಹಾಕಿ ಕೂತಿದ್ದೆ. ಎರಡು ಪೆಟ್ಟಿಗೆಗಳ ನಟ್ಟನಡುವೆ ಕೇಳಬೇಕಾದ ಭಾಗವತರ ದನಿ ಪೂರ್ತಿ ಬಲಕ್ಕೆ ವಾಲಿತ್ತು. ಎಡಬದಿ ಸ್ಪೀಕರ್ ಸುಮ್ಮನಾಗಿತ್ತು. ವಾಲ್ಯೂಮ್ ಏರಿಸಿದರೆ ‘ಪಟ್’ ಎಂದು ಒಮ್ಮೆಲೇ ಬರುವುದು, ಇಳಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಮಾಯ. ಮಾರನೇ ದಿನ ಆಂಪ್ಲಿಫೈಯರ್ ಹೊತ್ತುಕೊಂಡು ಒಂದು ರಿಪೇರಿ ಅಂಗಡಿಗೆ ಹೋದೆ. ಬಿಚ್ಚಿ ನೋಡುವ ಮೊದಲೇ “ಔಟ್‌ಪುಟ್ ಐಸಿ ಹೋಗಿದೆ, ತರಿಸಬೇಕು” ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಐಸಿ ಎಂದರೆ ಸ್ಪೀಕರಿಗೆ ಬೇಕಾದ ಬಲ ಕೊಡುವ ಚಿಪ್ಪು. ಸತ್ತ ಐಸಿ ವಾಲ್ಯೂಮ್ ಏರಿಸಿದ ಮಾತ್ರಕ್ಕೆ ಎದ್ದು ಬರುವುದಿಲ್ಲ.

ಮನೆಗೆ ವಾಪಸು ತಂದು ಹಿಂಬದಿಯನ್ನು ಬೆಳಕಿಗೆ ಹಿಡಿದೆ. ಕೆಲವು ಆಂಪ್ಲಿಫೈಯರ್‌ಗಳ ಹಿಂದೆ ‘ಪ್ರಿ ಔಟ್’, ‘ಮೇನ್ ಇನ್’ ಎಂದು ನಾಲ್ಕು ತೂತುಗಳಿದ್ದು, ಅವನ್ನು ಜೋಡಿಸಲು ಲಾಳದಾಕಾರದ ಎರಡು ಪುಟ್ಟ ಲೋಹದ ಕೊಂಡಿಗಳಿರುತ್ತವೆ. ವಾಲ್ಯೂಮ್ ದಾಟಿದ ಸಂಗೀತವೆಲ್ಲ ಆ ಕೊಂಡಿಗಳ ಮೂಲಕವೇ ಮುಂದಿನ ಭಾಗಕ್ಕೆ ಹೋಗಬೇಕು. ಎಡದ ಕೊಂಡಿ ಎಳೆದೆ. ಅದರ ಕಾಲಿನ ಸುತ್ತ ಹಸಿರು ಮಿಶ್ರಿತ ಕಪ್ಪು ಕಿಲುಬು ಕಟ್ಟಿತ್ತು. ಒರೆಸಿ, ತೂತನ್ನೂ ತೊಳೆದು, ಒಣಗಿಸಿ ಹಾಕಿದೆ. ಭಾಗವತರು ನಡುವಿಗೆ ಬಂದರು. ಆಮೇಲೆ ಎರಡು ಮಳೆಗಾಲ ಕಳೆದಿದೆ, ಆ ಐಸಿಯೇ ಇನ್ನೂ ಹಾಡುತ್ತಿದೆ.

ಅಂದಿನಿಂದ ನೆರೆಮನೆಯವರ, ನೆಂಟರ ಸ್ಟೀರಿಯೋಗಳನ್ನು ನೋಡುತ್ತ ಬಂದಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಸ್ಟೀರಿಯೋ ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಲೋಹಕ್ಕೆ ಲೋಹ ತಾಗುವ ಜಾಗಗಳನ್ನು. ಪಿನ್ನು ಸಾಕೆಟ್ಟಿಗೆ ಕೂರುವಲ್ಲಿ, ತಂತಿ ಸ್ಕ್ರೂ ಕೆಳಗೆ ಒತ್ತಿಕೊಳ್ಳುವಲ್ಲಿ, ಸ್ವಿಚ್ಚಿನ ಒಳಗಿನ ಎರಡು ನಾಲಿಗೆಗಳು ಮುಟ್ಟುವಲ್ಲಿ ಕಣ್ಣು ಹಾಯಿಸಬೇಕು. ಮುಚ್ಚಳ ಬಿಚ್ಚುವುದು, ಹೊಸದು ಕೊಳ್ಳುವುದು ಅದಾದ ನಂತರದ ಮಾತು.

ಉಪ್ಪು ಮಾಡುವ ಕೆಲಸ

ಕಡಲಿಂದ ಬೀಸುವ ಗಾಳಿ ಉಪ್ಪಿನ ಸಣ್ಣ ಕಣಗಳನ್ನು ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಅವು ಒಣಗಿ ಸುಮ್ಮನೆ ಕೂತಿರುತ್ತವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ನೀರೊಡೆಯುತ್ತದೆ. ಸಾಣಿಕಟ್ಟಾದ ಉಪ್ಪನ್ನು ಭರಣಿಯಲ್ಲಿ ತುಂಬಿಟ್ಟವರಿಗೆ ಮಳೆಗಾಲದಲ್ಲಿ ತಳದಲ್ಲಿ ನೀರು ನಿಲ್ಲುವುದು ಗೊತ್ತೇ ಇದೆ. ಅದೇ ಕೆಲಸ ಸ್ಪೀಕರ್ ಟರ್ಮಿನಲ್ಲಿನ ಮೇಲೆಯೂ ನಡೆಯುತ್ತದೆ. ತಾಮ್ರದ ಮೇಲೆ ಉಪ್ಪುನೀರಿನ ತೆಳು ಪದರ ಕೂತರೆ ಕ್ಲೋರೈಡ್ ಅದನ್ನು ತಿನ್ನುತ್ತದೆ, ಹಸಿರು ಕಿಲುಬು ಏಳುತ್ತದೆ. ಒಂದು ಲೋಹ ತಾಮ್ರ, ಇನ್ನೊಂದು ಅಲ್ಯೂಮಿನಿಯಂ ಆಗಿದ್ದರೆ ಆ ಉಪ್ಪುನೀರು ಅವೆರಡರ ನಡುವೆ ಸಣ್ಣ ಬ್ಯಾಟರಿಯನ್ನೇ ಮಾಡಿ ಅಲ್ಯೂಮಿನಿಯಮ್ಮನ್ನು ಇನ್ನಷ್ಟು ಬೇಗ ಕರಗಿಸುತ್ತದೆ.

ಕಿಲುಬಿನ ಪದರ ಬಲು ತೆಳುವು. ಜೋರು ವೋಲ್ಟೇಜು ಬಂದರೆ ಅದನ್ನು ಸೀಳಿಕೊಂಡು ಹೋಗುತ್ತದೆ, ಸಣ್ಣ ವೋಲ್ಟೇಜು ಅಲ್ಲೇ ತಡೆದು ನಿಲ್ಲುತ್ತದೆ. ನನ್ನ ಎಡಬದಿ ದನಿ ವಾಲ್ಯೂಮ್ ಏರಿಸಿದಾಗ ಮಾತ್ರ ಬರುತ್ತಿದ್ದದ್ದು ಇದರಿಂದ. ಫೋನಿನಿಂದಲೋ ಸಿಡಿ ಪ್ಲೇಯರ್‌ನಿಂದಲೋ ಆಂಪ್ಲಿಫೈಯರ್‌ಗೆ ಹೋಗುವ ಸಂಕೇತ ಹೆಚ್ಚೆಂದರೆ ಒಂದೆರಡು ವೋಲ್ಟು. ಗ್ರಾಮಫೋನ್ ತಟ್ಟೆಯ ಮುಳ್ಳು ಹಿಡಿದಿರುವ ಸಾಮಾನ್ಯ ಕಾರ್ಟ್ರಿಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಅಷ್ಟೇ. ಇಷ್ಟು ಸಣ್ಣದಕ್ಕೆ ಸ್ವಲ್ಪ ಕಿಲುಬೂ ಗೋಡೆಯಾಗುತ್ತದೆ.

ಕೈ ಹಾಕುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಹಳೆಯ ಮನೆಗಳ ವೈರಿಂಗಿನಲ್ಲಿ ಸ್ವಿಚ್ಚನ್ನು ವಿದ್ಯುತ್ತು ತರುವ ಫೇಸ್ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅಲ್ಲಿ ಸ್ವಿಚ್ ಆರಿಸಿದರೂ ಒಳಗೆ 230 ವೋಲ್ಟ್ ಕಾದು ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಆಂಪ್ಲಿಫೈಯರ್ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಚಾರ್ಜು ಹಿಡಿದಿರುತ್ತವೆ. ಇಲ್ಲಿ ಹೇಳುವ ಕೆಲಸಗಳಲ್ಲಿ ಯಾವುದಕ್ಕೂ ಮುಚ್ಚಳ ತೆಗೆಯಬೇಕಿಲ್ಲ, ತೆಗೆಯಲೂ ಬೇಡಿ.

ಸ್ಪೀಕರ್ ತಂತಿ ಬದಲಿಸುವಾಗ ಆಂಪ್ಲಿಫೈಯರ್ ಆರಿರಲೇಬೇಕು. ಪ್ಲಸ್ಸಿನ ಒಂದು ಎಳೆ ಮೈನಸ್ಸಿಗೆ ತಾಗಿದರೆ ಚೆನ್ನಾಗಿದ್ದ ಔಟ್‌ಪುಟ್ ಭಾಗ ನಿಜವಾಗಿ ಸುಟ್ಟುಹೋಗಬಹುದು. ಹಾಡುವ ಯಂತ್ರದಿಂದ ಬರುವ ಕೇಬಲ್ಲಿನ ಕೆಂಪು, ಬಿಳಿ ಆರ್‌ಸಿಎ ಪಿನ್ನುಗಳೂ ಹಾಗೆಯೇ. ಅವುಗಳ ನಡುವಿನ ಮುಳ್ಳು ಮೊದಲು ತಾಗಿ, ಹೊರಗಿನ ಉಂಗುರ ಆಮೇಲೆ ತಾಗುತ್ತದೆ. ಸೆಟ್ಟು ನಡೆಯುತ್ತಿರುವಾಗ ಹಾಕಿದರೆ ಆ ಅರೆಕ್ಷಣದಲ್ಲಿ ಏಳುವ ಅಬ್ಬರದ ಗುಂಯ್ ಸದ್ದು ಸ್ಪೀಕರಿನ ಕೋನನ್ನೇ ಹರಿಯಬಹುದು.

ಸಾಮಾನು ಹೆಚ್ಚೇನೂ ಬೇಡ. ಒಂದು ಸಾದಾ ಮಲ್ಟಿಮೀಟರ್, ಟಾರ್ಚು, ಸಣ್ಣ ಸ್ಕ್ರೂಡ್ರೈವರ್, ತಂತಿ ಸುಲಿಯುವ ಬ್ಲೇಡು, ಹತ್ತಿಕಡ್ಡಿ, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲು. ಜೊತೆಗೆ ಸರಿಯಿದೆ ಎಂದು ಖಾತ್ರಿಯಿರುವ ಒಂದು ಜೋಡಿ ಆರ್‌ಸಿಎ ಕೇಬಲ್ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಅದಲುಬದಲು

ಒಂದು ಬದಿ ಸತ್ತಿದ್ದರೆ ಸ್ಟೀರಿಯೋದಷ್ಟು ಪರೀಕ್ಷೆಗೆ ಅನುಕೂಲವಾದ ಯಂತ್ರ ಇನ್ನೊಂದಿಲ್ಲ. ಅದರೊಳಗೆ ಒಂದೇ ರೀತಿಯ ಎರಡು ದಾರಿಗಳಿವೆ. ಒಂದು ಸರಿಯಿದೆ, ಒಂದು ಕೆಟ್ಟಿದೆ. ಎರಡನ್ನೂ ಒಂದೊಂದು ಹಂತದಲ್ಲಿ ಅದಲುಬದಲು ಮಾಡುತ್ತ ಬಂದರೆ ದೋಷ ತಾನೇ ತನ್ನ ಜಾಗ ತೋರಿಸುತ್ತದೆ.

ಮೊದಲು ಬ್ಯಾಲೆನ್ಸ್ ತಿರುಗುಂಡಿ ನಡುವೆ ಇದೆಯೇ ನೋಡಿ. ಮನೆಯ ಮಕ್ಕಳೋ ಬಟ್ಟೆಯಲ್ಲಿ ಒರೆಸಿದವರೋ ತಿರುಗಿಸಿರುತ್ತಾರೆ. ಹಾಡನ್ನೂ ಬದಲಿಸಿ ನೋಡಿ, ಹಳೆಯ ಕ್ಯಾಸೆಟ್ಟಿಂದ ಇಳಿಸಿಕೊಂಡ ಯಕ್ಷಗಾನದ ಕೆಲವು ಕಡತಗಳಲ್ಲಿ ದನಿ ಒಂದೇ ಬದಿಯಲ್ಲಿರುತ್ತದೆ.

ಆಮೇಲೆ ಸೆಟ್ಟು ಆರಿಸಿ, ಆಂಪ್ಲಿಫೈಯರ್ ಹಿಂಬದಿಯಲ್ಲಿ ಎಡ ಸ್ಪೀಕರಿನ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ. ಈಗ ಕೇಳಿ. ಮೊದಲು ಸುಮ್ಮನಿದ್ದ ಎಡ ಪೆಟ್ಟಿಗೆಯೇ ಇನ್ನೂ ಸುಮ್ಮನಿದ್ದರೆ ಆಂಪ್ಲಿಫೈಯರ್ ನಿರ್ದೋಷಿ, ತಪ್ಪು ಆ ತಂತಿಯಲ್ಲಿ ಅಥವಾ ಆ ಪೆಟ್ಟಿಗೆಯಲ್ಲಿದೆ. ಎಡ ಮಾತಾಡತೊಡಗಿ ಬಲ ಸುಮ್ಮನಾಯಿತೋ, ಸ್ಪೀಕರು ತಂತಿ ಎರಡೂ ಸರಿಯಿವೆ, ತಪ್ಪು ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕಿಂತ ಹಿಂದೆ ಇದೆ.

ಹಿಂದೆ ಇದೆ ಎಂದಾದರೆ ತಂತಿಗಳನ್ನು ಮೊದಲಿನ ಸ್ಥಿತಿಗೆ ತನ್ನಿ. ಇದನ್ನು ಮರೆತು ಮುಂದುವರಿದರೆ ಎರಡು ಬದಲಾವಣೆ ಒಂದರ ಮೇಲೊಂದು ಕೂತು ಲೆಕ್ಕವೇ ತಪ್ಪುತ್ತದೆ. ಈಗ ಆಂಪ್ಲಿಫೈಯರಿಗೆ ಬರುವ ಆರ್‌ಸಿಎ ಪಿನ್ನುಗಳಲ್ಲಿ ಕೆಂಪನ್ನು ಬಿಳಿಯ ಜಾಗಕ್ಕೆ, ಬಿಳಿಯನ್ನು ಕೆಂಪಿನ ಜಾಗಕ್ಕೆ ಹಾಕಿ. ಸತ್ತ ಬದಿ ಬದಲಾದರೆ ದೋಷ ಕೇಬಲ್ಲಿನಲ್ಲಿ ಅಥವಾ ಹಾಡುವ ಯಂತ್ರದಲ್ಲಿದೆ. ಬದಲಾಗದಿದ್ದರೆ ಆಂಪ್ಲಿಫೈಯರಿನಲ್ಲಿದೆ. ಕೇಬಲ್ಲೋ ಯಂತ್ರವೋ ಎಂದು ತಿಳಿಯಲು ಈ ಪಿನ್ನುಗಳನ್ನು ಮೊದಲಿನ ಹಾಗೆ ಹಾಕಿ, ಅದೇ ಅದಲುಬದಲನ್ನು ಯಂತ್ರದ ತುದಿಯಲ್ಲಿ ಮಾಡಿ. ಸತ್ತ ಬದಿ ಬದಲಾದರೆ ದೋಷ ಯಂತ್ರದ್ದು, ಬದಲಾಗದಿದ್ದರೆ ಕೇಬಲ್ಲಿನದ್ದು.

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಚೀಟಿಯ ಮೇಲೆ ಬರೆದುಕೊಳ್ಳಿ. ಇನ್ನೊಂದು ಮುಖ್ಯ ಮಾತು: ಪಿನ್ ಎಳೆದು ಹಾಕಿದ ಕೂಡಲೇ ದನಿ ತಾನಾಗಿ ಬಂದುಬಿಟ್ಟರೆ ಖುಷಿಪಟ್ಟು ಬಿಟ್ಟುಬಿಡಬೇಡಿ. ಉಜ್ಜಿದ್ದರಿಂದ ಕಿಲುಬು ಸ್ವಲ್ಪ ಹರಿದಿದೆ ಅಷ್ಟೇ, ವಾರದೊಳಗೆ ಮತ್ತೆ ಹೋಗುತ್ತದೆ. ದೋಷದ ಜಾಗ ಮಾತ್ರ ನಿಮಗೆ ಸಿಕ್ಕಿದೆ. ಅದನ್ನು ಸರಿಯಾಗಿ ತೊಳೆಯಬೇಕು.

ತಪ್ಪು ಆಂಪ್ಲಿಫೈಯರಿನದೇ ಎಂದು ತಿಳಿದ ಮೇಲೆ

ಆಗಲೂ ಮುಚ್ಚಳ ತೆಗೆಯದೆ ನೋಡಬಹುದಾದ ನಾಲ್ಕೈದು ಜಾಗಗಳಿವೆ. ನನ್ನ ಸೆಟ್ಟಿನಲ್ಲಿದ್ದಂಥ ಕೊಂಡಿಗಳಿದ್ದರೆ ಮೊದಲು ಅವು. ಹಳೆಯ ಕಾಲದ ಸೆಟ್ಟುಗಳಲ್ಲಿ ‘ಟೇಪ್ ಮಾನಿಟರ್’ ಎಂಬ ಒತ್ತುಗುಂಡಿ ಇರುತ್ತದೆ. ಟೇಪು ಮನೆಯಿಂದ ಹೋಗಿ ಇಪ್ಪತ್ತು ವರ್ಷವಾದರೂ ಹಾಡು ಆ ಗುಂಡಿಯ ಮೂಲಕವೇ ಹೋಗುತ್ತಿರುತ್ತದೆ, ಯಾರೂ ಮುಟ್ಟದ ಕಾರಣ ಒಳಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ ಕಿತ್ತು ಅದನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ಸ್ಪೀಕರ್ ಎ, ಬಿ ಆರಿಸುವ ಸ್ವಿಚ್ಚಿಗೂ ಇದೇ ಉಪಚಾರ.

ಹೆಡ್‌ಫೋನ್ ತೂತನ್ನು ಹೆಚ್ಚಿನವರು ಸಂಶಯಿಸುವುದೇ ಇಲ್ಲ. ಎಷ್ಟೋ ಸೆಟ್ಟುಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಆ ತೂತಿನ ಒಳಗಿರುವ ಎರಡು ಪಟ್ಟಿಗಳ ಮೂಲಕ ಸಾಗುತ್ತದೆ. ಹೆಡ್‌ಫೋನ್ ಹಾಕಿದಾಗ ಪಟ್ಟಿಗಳು ಬಿಟ್ಟುಕೊಂಡು ಸ್ಪೀಕರ್ ನಿಲ್ಲುತ್ತದೆ, ತೆಗೆದಾಗ ಮತ್ತೆ ಕೂಡಿಕೊಳ್ಳಬೇಕು. ಪಟ್ಟಿಗೆ ಕಿಲುಬು ಹಿಡಿದರೆ ಕೂಡಿದರೂ ಕೂಡದ ಹಾಗೆ. ಹೆಡ್‌ಫೋನಿನಲ್ಲಿ ಎರಡೂ ಬದಿ ಸ್ಪಷ್ಟವಾಗಿ ಕೇಳಿ, ಸ್ಪೀಕರಿನಲ್ಲಿ ಒಂದು ಬದಿ ಇಲ್ಲದಿದ್ದರೆ ಇಲ್ಲೇ ನೋಡಿ. ಹೆಡ್‌ಫೋನಿನ ಪಿನ್ನನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದರೆ ಗೊತ್ತಾಗಿಬಿಡುತ್ತದೆ.

ಸೆಟ್ಟು ಹಚ್ಚಿದ ಕೆಲವು ಸೆಕೆಂಡಿಗೆ ಒಳಗಿಂದ ‘ಟಕ್’ ಎಂಬ ಸದ್ದು ಬರುತ್ತದಲ್ಲ, ಅದು ಸ್ಪೀಕರನ್ನು ಕಾಯುವ ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ನಡೆಯುವ ಸ್ವಿಚ್ಚು. ಕೊಂಡಿ, ಗುಂಡಿ, ತೂತು ಎಲ್ಲ ಚೊಕ್ಕ ಮಾಡಿದ ಮೇಲೂ ಸಣ್ಣ ದನಿಯಲ್ಲಿ ಒಂದು ಬದಿ ಮಾಯವಾಗಿ ದೊಡ್ಡ ದನಿಯಲ್ಲಿ ಮರಳುತ್ತಿದ್ದರೆ ಆ ರಿಲೇಯ ಒಳಗಿನ ಸಂಪರ್ಕ ಕೆಟ್ಟಿದೆ. ಅದು ತಂತ್ರಜ್ಞರ ಕೆಲಸ. “ರಿಲೇ ಬದಲಿಸಿ” ಎಂದು ಕೇಳಿ, ಐಸಿಗಿಂತ ಬಹಳ ಅಗ್ಗ.

ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಪ್ಲಗ್ ಕಿತ್ತು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂವತ್ತು ಸಲ ತಿರುಗಿಸಿ. ಹೋಗದಿದ್ದರೆ ತಂತ್ರಜ್ಞರಿಂದ ಒಳಗೆ ಕಾಂಟ್ಯಾಕ್ಟ್ ಕ್ಲೀನರ್, ಅಂದರೆ ಕಿಲುಬು ತೊಳೆಯುವ ದ್ರವ, ಬಿಡಿಸಬೇಕು.

ಸ್ಪೀಕರ್ ಮತ್ತು ಅದರ ತಂತಿ

ಆಂಪ್ಲಿಫೈಯರ್ ಬದಿಯಲ್ಲಿ ತಂತಿಯ ಪ್ಲಸ್ಸು, ಮೈನಸ್ಸು ಎರಡನ್ನೂ ಬಿಡಿಸಿ, ಆ ತುದಿಗಳಿಗೆ ಪೆನ್ಸಿಲ್ ಸೆಲ್ಲನ್ನು ಅರೆಕ್ಷಣ ತಾಗಿಸಿ. ಇನ್ನೊಂದು ತುದಿ ಸ್ಪೀಕರಿಗೆ ಸೇರಿರಲಿ. ‘ಟಪ್’ ಎಂದು ಸದ್ದು ಬಂದರೆ ತಂತಿಯೂ ಸ್ಪೀಕರೂ ಜೀವಂತ. ಜಾಲರಿ ತೆಗೆದು ದೊಡ್ಡ ಕೋನನ್ನು ನೋಡುತ್ತ ತಾಗಿಸಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗಿದ್ದರೆ ಹೆಚ್ಚಿನ ಸ್ಪೀಕರುಗಳಲ್ಲಿ ಕೋನು ಮುಂದಕ್ಕೆ ಬರುತ್ತದೆ. ಒಂದು ಪೆಟ್ಟಿಗೆ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ ಒಂದರ ತಂತಿ ತಿರುಗುಮುರುಗು ಆಗಿದೆ ಎಂದರ್ಥ. ಎರಡೂ ಪೆಟ್ಟಿಗೆ ಹಾಡುತ್ತಿದ್ದರೂ ಮದ್ದಳೆಯ ಗುಂಕಾರ ಸೊರಗಿ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತೆ ತೇಲುತ್ತಿದ್ದರೆ ಇದೇ ಕಾರಣ. ಮನೆಗೆ ಬಣ್ಣ ಬಳಿಸಿದ ಮೇಲೆ, ಚೌತಿಗೆ ಪೆಟ್ಟಿಗೆ ಹೊರಗಿಟ್ಟು ಮತ್ತೆ ಒಳಗೆ ತಂದ ಮೇಲೆ ಈ ತಪ್ಪು ಹೆಚ್ಚು.

ಮಲ್ಟಿಮೀಟರ್ ಇದ್ದರೆ ಓಮ್ಸ್‌ಗೆ ಇಟ್ಟು ಮೊದಲು ಅದರ ಎರಡು ಮೊನೆಗಳನ್ನೇ ಒಂದಕ್ಕೊಂದು ತಾಗಿಸಿ. ತೋರಿಸುವ 0.2, 0.3 ಓಮ್ ಅದರದೇ ತಂತಿಯದ್ದು, ಮುಂದಿನ ಅಳತೆಗಳಿಂದ ಅದನ್ನು ಕಳೆಯಿರಿ. 8 ಓಮ್ ಎಂದು ಬರೆದ ಸ್ಪೀಕರು ಸುಮಾರು 5.5ರಿಂದ 7 ತೋರಿಸುತ್ತದೆ, 4 ಓಮಿನದ್ದು ಮೂರು ಚಿಲ್ಲರೆ. ಇದು ದೋಷವಲ್ಲ, ಮೀಟರು ಅಳೆಯುವುದು ಸುರುಳಿಯ ನೇರ ವಿದ್ಯುತ್ತಿನ ರೋಧವನ್ನು. ತಂತಿ ಅಲುಗಾಡಿಸಿದಾಗ ಅಂಕಿ ಕುಣಿದರೆ ಕೂಡಿಕೆ ಸಡಿಲ.

ತಂತಿಯ ದಪ್ಪದ ಬಗ್ಗೆ ದೊಡ್ಡ ದೊಡ್ಡ ಮಾತುಗಳಿವೆ, ಲೆಕ್ಕ ಮಾತ್ರ ಸರಳ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್. ಸ್ಪೀಕರು 10 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 20 ಮೀಟರ್, ಅಂದರೆ 0.24 ಓಮ್. 8 ಓಮ್ ಸ್ಪೀಕರಿಗೆ ಇದು ಶೇ. 3, ತೊಂದರೆಯಿಲ್ಲ. ಅದೇ ದೂರಕ್ಕೆ 0.75ರ ತಂತಿ ಹಾಕಿ 4 ಓಮಿನ ಸ್ಪೀಕರ್ ಕೊಟ್ಟರೆ ಸುಮಾರು ಶೇ. 12 ಆಗುತ್ತದೆ, ಅದು ಬೇಡ. ದಪ್ಪಕ್ಕಿಂತ ಹೆಚ್ಚಾಗಿ ನಾನು ನೋಡುವುದು ತಂತಿ ನಿಜವಾಗಿ ತಾಮ್ರವೇ ಎಂದು. ಅಗ್ಗದ ತಂತಿಗಳಲ್ಲಿ ಅಲ್ಯೂಮಿನಿಯಂ ಎಳೆಗೆ ಮೇಲಿಂದ ತಾಮ್ರ ಲೇಪಿಸಿರುತ್ತಾರೆ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಒಣ ಊರಿನಲ್ಲಿ ಅದು ಹೇಗೋ ನಡೆದೀತು, ನಮ್ಮ ಉಪ್ಪುಗಾಳಿಯಲ್ಲಿ ಲೇಪನ ಹರಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಕಡಲಿಗೆ ಹತ್ತಿರದ ಮನೆಯವರು ಅದನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ಸ್ಪೀಕರುಗಳ ಹಿಂದೆ ಎರಡರ ಬದಲು ನಾಲ್ಕು ಟರ್ಮಿನಲ್ ಇದ್ದು, ನಡುವೆ ಹಿತ್ತಾಳೆಯ ಎರಡು ಪಟ್ಟಿಗಳು ಮೇಲು ಕೆಳಗನ್ನು ಜೋಡಿಸಿರುತ್ತವೆ. ಒಂದು ಬದಿಯಲ್ಲಿ ಚಂಡೆಯ ಚುರುಕು ಪೆಟ್ಟು, ತಾಳದ ಕಿಣಿಕಿಣಿ ಸತ್ತು ದನಿ ಕಂಬಳಿ ಹೊದ್ದಂತೆ ಕೇಳುತ್ತಿದ್ದರೆ, ಏರು ದನಿಯ ಪುಟ್ಟ ಸ್ಪೀಕರು, ಟ್ವೀಟರು, ಸುಟ್ಟಿದೆ ಎನ್ನುವ ಮೊದಲು ಆ ಪಟ್ಟಿಗಳನ್ನು ಬಿಚ್ಚಿ ನೋಡಿ. ಕೋಡಿಬಾಗದ ನೆರೆಯವರೊಬ್ಬರ ಮನೆಯಲ್ಲಿ ಹೀಗೇ ಆಗಿತ್ತು, ಪಟ್ಟಿಯ ಒಳಮೈ ಮಸಿಯಂತೆ ಕಪ್ಪಾಗಿತ್ತು.

ಗುಂಯ್ ಎನ್ನುವ ಸದ್ದು

ಇದು ಎಲ್ಲಕ್ಕಿಂತ ಕಾಡುವ ದೋಷ. ಮೊದಲು ಕಿವಿಗೊಟ್ಟು ಕೇಳಿ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆಡುತ್ತದೆ. ಕೇಬಲ್ಲು, ಅರ್ತಿಂಗ್ ದಾರಿಯಿಂದ ನುಗ್ಗುವ ಸದ್ದಿನ ಬುಡ ಆ 50ರಲ್ಲೇ ಇರುತ್ತದೆ, ತಗ್ಗಿನ ಮಂದ್ರದ ‘ಗುಂ’. ಆಂಪ್ಲಿಫೈಯರಿನ ಒಳಗೆ ವಿದ್ಯುತ್ತನ್ನು ನೇರ ಮಾಡುವ ಭಾಗ ಸೋತಾಗ ಬರುವುದು 100, ಅಂದರೆ ಸರಿಯಾಗಿ ಒಂದು ಸಪ್ತಕ ಮೇಲೆ, ಸ್ವಲ್ಪ ಗರಗರ ಬೆರೆತದ್ದು. ಸಂಗೀತ ಕೇಳಿ ಪಳಗಿದವರಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ.

ಈಗ ವಾಲ್ಯೂಮ್ ತಿರುಗಿಸಿ. ಗುಂಯ್ ಸದ್ದು ಅದರ ಜೊತೆ ಏರಿಳಿದರೆ ವಾಲ್ಯೂಮಿಗಿಂತ ಮೊದಲೇ ಒಳಬರುತ್ತಿದೆ. ಏರಿಳಿಯದೆ ಒಂದೇ ಸಮ ಇದ್ದರೆ ವಾಲ್ಯೂಮಿನ ಆಚೆಗೆ ಹುಟ್ಟುತ್ತಿದೆ. ಸೆಟ್ಟು ಆರಿಸಿ ಹಿಂಬದಿಯ ಎಲ್ಲ ಒಳಬರುವ ಪಿನ್ನುಗಳನ್ನು ಕಿತ್ತು, ಅವಿಲ್ಲದೆಯೇ ಸೆಟ್ಟು ಮತ್ತೆ ಹಚ್ಚಿ. ಆಗಲೂ 100ರ ಗುಂಯ್ ಉಳಿದರೆ ಒಳಗಿನ ಕೆಪಾಸಿಟರ್ ಮುದಿಯಾಗಿದೆ, ರಿಪೇರಿಗೆ ಕೊಡಿ. ಸದ್ದು ನಿಂತರೆ ಪಿನ್ನುಗಳನ್ನು ಒಂದೊಂದಾಗಿ, ಪ್ರತಿ ಸಲ ಆರಿಸಿ, ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಮರಳುತ್ತದೋ ಅದೇ ದಾರಿ.

ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಟೀವಿಯ ದಾರಿ. ಕೇಬಲ್ ಟೀವಿಯ ದಪ್ಪ ತಂತಿ ಬೀದಿಯಲ್ಲೆಲ್ಲೋ ಭೂಮಿಗೆ ಸೇರಿರುತ್ತದೆ, ನಿಮ್ಮ ಆಂಪ್ಲಿಫೈಯರ್ ಮನೆಯ ಅರ್ತಿಂಗಿನಲ್ಲಿ ಸೇರಿರುತ್ತದೆ. ಎರಡು ಭೂಮಿಗಳ ನಡುವೆ ಸಣ್ಣ ವೋಲ್ಟೇಜು ವ್ಯತ್ಯಾಸ ಇದ್ದೇ ಇರುತ್ತದೆ. ಆರ್‌ಸಿಎ ಕೇಬಲ್ಲಿನ ಹೊರಕವಚ ಅವೆರಡಕ್ಕೂ ಸೇತುವೆಯಾಗಿ, ಹರಿಯುವ ಕರೆಂಟು ಗುಂಯ್ ಎನ್ನುತ್ತದೆ. ಸೆಟ್‌ಟಾಪ್ ಬಾಕ್ಸಿನಿಂದ ಆ ದಪ್ಪ ತಂತಿಯನ್ನು ಬಿಚ್ಚಿದ ಕೂಡಲೇ ಸದ್ದು ನಿಂತರೆ ರೋಗ ಇದೇ. ಟೀವಿಯಲ್ಲಿ ಆಪ್ಟಿಕಲ್ ಔಟ್, ಆಂಪ್ಲಿಫೈಯರಿನಲ್ಲಿ ಆಪ್ಟಿಕಲ್ ಇನ್ ಎರಡೂ ಇದ್ದರೆ ಆ ಕೇಬಲ್ಲಿನಲ್ಲಿ ಆಂಪ್ಲಿಫೈಯರಿಗೆ ಕೊಡಿ. ಅದರಲ್ಲಿ ಹೋಗುವುದು ಬೆಳಕು, ಸೇತುವೆಯೇ ಇರುವುದಿಲ್ಲ. ಇಲ್ಲವಾದರೆ ದಪ್ಪ ತಂತಿಗೆ ಹಾಕಿ ಆ ಸೇತುವೆ ಕಡಿಯುವ ಐಸೊಲೇಟರ್ ಸಿಗುತ್ತದೆ.

ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಇದನ್ನು ಮಾಡಬೇಡಿ, ಮಾಡಿದವರಿದ್ದರೆ ಇವತ್ತೇ ಸರಿಪಡಿಸಿ. ಸದ್ದು ಹೋಗುತ್ತದೆ ನಿಜ. ಮುಂದೊಂದು ದಿನ ಒಳಗಿನ ಫೇಸ್ ತಂತಿ ಕವಚಕ್ಕೆ ತಾಗಿದರೆ ಒದ್ದೆ ಕೈಯಲ್ಲಿ ಮುಟ್ಟಿದವರ ಜೀವ ಹೋಗುತ್ತದೆ.

ಗ್ರಾಮಫೋನ್ ತಟ್ಟೆ ಇದ್ದವರು ಅದರಿಂದ ಬರುವ ಸಪೂರ ಮೂರನೇ ತಂತಿ ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂವಿಗೆ ಗಟ್ಟಿಯಾಗಿ ಕೂತಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ.

ಶಿರಸಿ ಹತ್ತಿರದ ಸೋದರಮಾವ ಕಳೆದ ಮಳೆಗಾಲ ಫೋನು ಮಾಡಿದ್ದರು. “ತಮಾ, ಕರೆಂಟ್ ಹೋದಾಗ ಮಾತ್ರ ಗುಂಯ್ ಗುಡ್ತು. ಆಂಪ್ಲಿಫೈಯರ್ ಹಾಳಾಯ್ದನ?” ಪ್ರಶ್ನೆಯಲ್ಲೇ ಉತ್ತರವಿತ್ತು. ಕರೆಂಟು ಹೋದಾಗ ಮನೆ ನಡೆಯುವುದು ಇನ್ವರ್ಟರಿನ ಮೇಲೆ. ಅವರದ್ದು ಹಳೆಯ ಚೌಕ ಅಲೆಯ ಇನ್ವರ್ಟರ್. ಅದು ಕೊಡುವ ವಿದ್ಯುತ್ತು ನಯವಾಗಿ ಏರಿಳಿಯದೆ ಮೆಟ್ಟಿಲಿನಂತೆ ಜಿಗಿಯುತ್ತದೆ, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೂ ಗುನುಗುತ್ತದೆ, ಸ್ಪೀಕರೂ ಗುನುಗುತ್ತದೆ. ಸೈನ್‌ವೇವ್ ಇನ್ವರ್ಟರ್ ಬರುವ ತನಕ ಕರೆಂಟು ಇಲ್ಲದಾಗ ಸೆಟ್ಟು ಹಚ್ಚಬೇಡಿ ಎಂದೆ. ದೇವಿಮನೆ ಘಟ್ಟ ಹತ್ತಿ ಹೋದರೆ ಉಪ್ಪಿನ ಕಾಟ ಕಡಿಮೆಯಾಗುತ್ತದೆ, ತೇವದ್ದು ಆಗುವುದಿಲ್ಲ. ಅಲ್ಲಿ ಇನ್ನೊಂದು ಸಮಸ್ಯೆ ಕಂಡೆ: ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಖಾಲಿ ಆರ್‌ಸಿಎ ತೂತುಗಳನ್ನು ಮೆತ್ತಿ ಮುಚ್ಚಿಬಿಟ್ಟಿತ್ತು. ಬಳಸದ ತೂತುಗಳಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿಡುವುದು ಒಳ್ಳೆಯದು.

ಗೋಡೆಯ ಸಾಕೆಟ್ಟು, ಅರ್ತಿಂಗ್

ಪ್ಲಗ್ಗು ಹಾಕಿದ ಸಾಕೆಟ್ಟು ಬಿಸಿಯಾಗುತ್ತಿದ್ದರೆ, ಪ್ಲಗ್ಗು ತನ್ನ ಭಾರಕ್ಕೇ ಜೋತು ಬೀಳುತ್ತಿದ್ದರೆ, ಒಳಗೆ ಚರಚರ ಕೇಳಿದರೆ ಆ ಸಾಕೆಟ್ಟು ಬದಲಿಸಿ. ಸ್ಪೀಕರಿನಲ್ಲಿ ಬರುವ ಸಿಡಿಸಿಡಿ ಸದ್ದು ಕೆಲವೊಮ್ಮೆ ಇಲ್ಲಿಂದಲೇ ಹುಟ್ಟುತ್ತದೆ. ಇದು ಲೈಸೆನ್ಸು ಇರುವ ವೈರ್‌ಮನ್ ಮಾಡಬೇಕಾದ ಕೆಲಸ. ಅವರು ಬಂದಾಗ ಮೂರು ಅಳತೆ ಕೇಳಿ ಬರೆದಿಟ್ಟುಕೊಳ್ಳಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ. ಮೊದಲೆರಡು 230ರ ಆಸುಪಾಸು ಹೆಚ್ಚುಕಡಿಮೆ ಸಮ ಇರಬೇಕು, ಮೂರನೆಯದು ಎರಡು ಮೂರು ವೋಲ್ಟಿನೊಳಗಿದ್ದರೆ ಚೆಂದ. ದೀಪ ಒಮ್ಮೆಲೇ ಪ್ರಖರವಾಗಿ ಇನ್ನೊಂದು ಕೋಣೆಯಲ್ಲಿ ಮಂದವಾದರೆ ನ್ಯೂಟ್ರಲ್ ಬಿಟ್ಟಿದೆ. ಆಗ ಸ್ಟೀರಿಯೋ ಮಾತ್ರವಲ್ಲ ಎಲ್ಲವನ್ನೂ ಆರಿಸಿ ಹೆಸ್ಕಾಂಗೆ ತಿಳಿಸಿ.

ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ಭೂಮಿ, ಮಾರ್ಚ್ ಏಪ್ರಿಲ್‌ಗೆ ಒಣಗಿ ಕಲ್ಲೇ ಆಗುತ್ತದೆ, ಅರ್ತಿಂಗ್ ಸೋಲುತ್ತದೆ. ಬೇಸಿಗೆಯಲ್ಲಿ ಮಾತ್ರ ಗುಂಯ್ ಎನ್ನುವ ಅಥವಾ ಕವಚ ಮುಟ್ಟಿದರೆ ಚುಳ್ಳೆನ್ನುವ ಸೆಟ್ಟಿದ್ದರೆ ಅರ್ತಿಂಗ್ ಗುಂಡಿಗೆ ನೀರು ಹಾಕಿ ನೋಡಿ. ತೆಂಗಿಗೆ ನೀರು ಬಿಡುವಾಗ ಅದಕ್ಕೂ ಒಂದು ಕೊಡ ಹಾಕುವುದು ನಮ್ಮಲ್ಲಿ ರೂಢಿ.

ತೊಳೆಯುವುದು, ಕೂಡಿಸುವುದು

ಮನೆಯಲ್ಲಿ ಕಿಲುಬು ಕಂಡರೆ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ. ದೀಪದ ಕಂಬಕ್ಕೆ, ತಾಮ್ರದ ತಂಬಿಗೆಗೆ ಅದು ಸರಿ, ಏಕೆಂದರೆ ಆಮೇಲೆ ಧಾರಾಳ ನೀರಿನಲ್ಲಿ ತೊಳೆಯುತ್ತೀರಿ. ಟರ್ಮಿನಲ್ಲಿಗೆ ಹುಣಸೆ, ಲಿಂಬು, ಮುರುಗಲು ಯಾವುದೂ ಬೇಡ. ಅರೆಗಳಿಗೆ ಫಳಫಳ ಹೊಳೆಯುತ್ತದೆ, ಸಂದಿಯಲ್ಲಿ ಉಳಿದ ಹುಳಿ ಮೊದಲಿಗಿಂತ ಬೇಗ ಕಿಲುಬು ತರಿಸುತ್ತದೆ. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುವುದರಿಂದ ಅಂಟು ಉಳಿಯುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 99ರದ್ದು, ಒಂದು ಸಣ್ಣ ಬಾಟಲಿ ತಂದಿಡಿ. ಹತ್ತಿಕಡ್ಡಿ ಅದ್ದಿ ಉಜ್ಜಿ, ಕಡ್ಡಿ ಬೆಳ್ಳಗೆ ಬರುವವರೆಗೆ ಬದಲಿಸುತ್ತ ಹೋಗಿ. ಬೆಂಕಿಯಿಂದ ದೂರವಿರಲಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ. ನಿಕ್ಕಲ್ ಅಥವಾ ಹಿತ್ತಾಳೆಯ ಮೇಲೆ ಗಟ್ಟಿ ಕಲೆ ಉಳಿದರೆ ಪೆನ್ಸಿಲ್ ಅಳಿಸುವ ರಬ್ಬರು ಸಾಕು. ಚಿನ್ನದ ಲೇಪನವಿದ್ದಲ್ಲಿ ರಬ್ಬರೂ ಬೇಡ, ಆಲ್ಕೋಹಾಲ್ ಮಾತ್ರ. ಆ ಲೇಪನ ಅಷ್ಟು ತೆಳುವು, ಮರಳು ಕಾಗದ ಒಂದೇ ಎಳೆತಕ್ಕೆ ಅದನ್ನು ಒಯ್ಯುತ್ತದೆ.

ಸ್ಪೀಕರ್ ತಂತಿಯ ತುದಿ ಹಸಿರಾಗಿದ್ದರೆ ತೊಳೆಯುತ್ತ ಕೂರಬೇಡಿ. ಒಳ್ಳೆ ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ. ಕೆಲವೊಮ್ಮೆ ಪ್ಲಾಸ್ಟಿಕ್ಕಿನ ಒಳಗೆ ಒಂದಡಿ ತನಕ ಕಪ್ಪು ಹೋಗಿರುತ್ತದೆ, ಅದಕ್ಕೇ ತಂತಿ ಹಾಕಿಸುವಾಗ ಎರಡಡಿ ಹೆಚ್ಚು ಬಿಟ್ಟಿರಬೇಕು. ಹೊಸ ತುದಿಯನ್ನು ಬಿಗಿಯಾಗಿ ಹೊಸೆದು ಸ್ಕ್ರೂ ಕೆಳಗೆ ಒತ್ತಿ. ಎಳೆ ಬಿಡಿಸಿಕೊಳ್ಳದಿರಲಿ ಎಂದು ಸೀಸದ ಬೆಸುಗೆ ತುಂಬಿ ಸ್ಕ್ರೂ ಬಿಗಿಯುವುದು ತಪ್ಪು ಪದ್ಧತಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಜಾರಿ ಚಪ್ಪಟೆಯಾಗುತ್ತದೆ, ಆರು ತಿಂಗಳಿಗೆ ಸ್ಕ್ರೂ ಸಡಿಲ. ಬಿಗಿದಾದ ಮೇಲೆ, ಹೊರಗಿನಿಂದ ಮಾತ್ರ, ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ ಸವರಿದರೆ ಉಪ್ಪುಗಾಳಿ ಒಳನುಸುಳದು. ಸ್ಕೂಟರಿನ ಬ್ಯಾಟರಿಗೆ ಮೆಕ್ಯಾನಿಕ್ ಮಾಡುವುದೂ ಇದನ್ನೇ.

ಆಷಾಢ ಶ್ರಾವಣದಲ್ಲಿ ದಿನಕ್ಕೊಂದು ತಾಸಾದರೂ ಸೆಟ್ಟು ಹಚ್ಚಿ. ಅದರ ಸ್ವಂತ ಬಿಸಿಗೆ ಒಳಗಿನ ತೇವ ಇಳಿಯುತ್ತದೆ. ಕಡಲಿನ ಕಡೆಯ ಕಿಟಕಿಯ ಎದುರು, ನೀರು ಜಿನುಗುವ ಗೋಡೆಗೆ ಒತ್ತಿ ಇಡಬೇಡಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಎಲ್ಲ ಪಿನ್ನುಗಳನ್ನೂ ಎರಡೆರಡು ಸಲ ತಿರುಗಿಸಿ ಕೂರಿಸಿ, ಆ ತಿಕ್ಕಾಟವೇ ಹೊಸ ಕಿಲುಬನ್ನು ಒರೆಸುತ್ತದೆ. ಮೇ ತಿಂಗಳ ಗುಡುಗಿಗೆ, ಅಕ್ಟೋಬರಿನ ಸಂಜೆಯ ಸಿಡಿಲಿಗೆ ಪ್ಲಗ್ಗಿನ ಜೊತೆ ಕೇಬಲ್ ಟೀವಿ ತಂತಿ, ಇಂಟರ್ನೆಟ್ ತಂತಿಗಳನ್ನೂ ಕಿತ್ತಿಡಿ. ಸಿಡಿಲು ಬರುವುದು ಅವುಗಳ ಮೂಲಕವೂ ಹೌದು.

ಯಾವಾಗ ರಿಪೇರಿಗೆ ಒಯ್ಯಬೇಕು

ಸುಟ್ಟ ವಾಸನೆ, ಪದೇ ಪದೇ ಫ್ಯೂಸ್ ಹೋಗುವುದು, ಎಲ್ಲ ಪಿನ್ನು ಕಿತ್ತ ಮೇಲೂ ಉಳಿಯುವ ಗುಂಯ್, ಹಚ್ಚಿದಾಗ ‘ಟಕ್’ ಎನ್ನದ ರಿಲೇ, ಇವು ಮುಚ್ಚಳದ ಒಳಗಿನ ಸಂಗತಿಗಳು. ಒಯ್ಯುವಾಗ ನಿಮ್ಮ ಚೀಟಿಯನ್ನೂ ಕೊಡಿ. ನಾನು ಬರೆಯುವುದು ಹೀಗೆ: “ಎಡಬದಿ ಇಲ್ಲ. ಸ್ಪೀಕರ್ ಅದಲುಬದಲು ಮಾಡಿದೆ, ದೋಷ ಆಂಪ್ಲಿಫೈಯರಿನಲ್ಲೇ ಉಳಿಯಿತು. ಆರ್‌ಸಿಎ ಅದಲುಬದಲು ಮಾಡಿದೆ, ಉಳಿಯಿತು. ಹೆಡ್‌ಫೋನಿನಲ್ಲಿ ಎರಡೂ ಬದಿ ಸರಿ. ಕೊಂಡಿ, ಗುಂಡಿ, ಹೆಡ್‌ಫೋನ್ ತೂತು ಚೊಕ್ಕ ಮಾಡಿಯಾಗಿದೆ. ವಾಲ್ಯೂಮ್ ಏರಿಸಿದರೆ ಬರುತ್ತದೆ.” ಇಷ್ಟು ಓದಿದ ತಂತ್ರಜ್ಞ ನೇರ ರಿಲೇಗೆ ಕೈ ಹಾಕುತ್ತಾನೆ.